ಸಂಕ ಕಟ್ಟುವವರು

ಮಲೆನಾಡಿನ ಮಳೆಯನ್ನು ಪಟ್ಟಣದವರು ಕಿಟಕಿಯಿಂದ ನೋಡಿ ಆನಂದಪಡುತ್ತಾರೆ. ನಾವು ಅದರೊಡನೆ ಸಂಸಾರ ಮಾಡುತ್ತೇವೆ. ಸಂಸಾರವೆಂದ ಮೇಲೆ ಹೊಸದಾಗಿ ಕಟ್ಟುವುದಕ್ಕಿಂತ ಇದ್ದುದನ್ನು ಸರಿಪಡಿಸುವುದೇ ಹೆಚ್ಚು. ಜೂನ್ ತಿಂಗಳಲ್ಲಿ ಮೊದಲಾಗುವ ಈ ಕಾರ್ಯಕ್ರಮ ದೀಪಾವಳಿಯವರೆಗೂ ಮುಗಿಯದು. ಹೆಂಚು ಜಾರುತ್ತದೆ, ದರೆ ಕುಸಿಯುತ್ತದೆ, ತೋಟದ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಬೇಲಿಯ ಗೂಟ ಕೊಳೆಯುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಹಳ್ಳದ ಮೇಲಿನ ಸಂಕ ಯಾವ ರಾತ್ರಿ ಏನಾಗುವುದೋ ಹೇಳಲು ಬಾರದು.

ಸಂಕವೆಂದರೇನೆಂದು ಕೇಳುವ ಓದುಗರಿಗಾಗಿ ಎರಡು ಮಾತು. ಮರದ ಎರಡು ದಿಮ್ಮಿಗಳನ್ನು ಹಳ್ಳದ ಈ ದಡದಿಂದ ಆ ದಡಕ್ಕೆ ಜೊತೆಯಾಗಿ ಹಾಯಿಸಿ, ಅವುಗಳ ಮೇಲೆ ಅಡ್ಡಡ್ಡಲಾಗಿ ಅಡಿಕೆ ಮರದ ದಬ್ಬೆಗಳನ್ನು ಬಿಗಿದು ಮಾಡಿದ ಕಾಲುಸೇತುವೆ ಅದು. ಶಾಲೆಗೆ ಹೋಗುವ ಮಕ್ಕಳು, ಹಾಲಿನ ಪಾತ್ರೆ ಹೊತ್ತವರು, ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು, ಎಲ್ಲರೂ ದಾಟುವುದು ಅದರ ಮೇಲೆಯೇ. ಒಂದು ದಬ್ಬೆ ಕೊಳೆತರೆ ಅದೊಂದನ್ನೇ ಬಿಚ್ಚಿ ಹೊಸದನ್ನು ಕಟ್ಟಿದರಾಯಿತು. ಒಂದು ದಿಮ್ಮಿ ಬಿರಿದರೂ ಇನ್ನೊಂದರ ಆಸರೆಯಲ್ಲಿ ನಾಲ್ಕು ದಿನ ನಡೆದೀತು. ಎರಡೂ ಒಂದೇ ಕಡೆ ಮುರಿದವೋ, ಆಚೆಯ ಮನೆ ಆಚೆಗೆ, ಈಚೆಯ ಊರು ಈಚೆಗೆ.

ಸಂಕ ಕಟ್ಟುವವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಸಂಕ ನೆಟ್ಟಗಿರುವಷ್ಟು ದಿನವೂ ದಾಟುವವರಿಗೆ ಅವರ ನೆನಪಿರದು. ಕೆಲಸ ಚೆನ್ನಾಗಿ ನಡೆದಿದೆಯೆನ್ನುವುದಕ್ಕೆ ಆ ಮರೆವೇ ಸಾಕ್ಷಿ. ನಮ್ಮ ಶರೀರದ ಒಳಗೂ ಇಂಥ ಅನಾಮಧೇಯರ ತಂಡವೊಂದುಂಟು. ಆ ತಂಡದ ಕತೆಯನ್ನು ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪಾಠವಾಗಿ ಬಹಳ ವರ್ಷ ಹೇಳಿದವನು. ಪಾಠವಾಗಿದ್ದುದು ಮನೆಯ ಮಾತಾದದ್ದು ದೊಡ್ಡಪ್ಪನ ಕಾಯಿಲೆಯಿಂದ.

ನಮ್ಮ ಮನೆಯಿರುವುದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಬಳಿ. ಹೊರಗಿನವರು ಈ ಊರಿನ ಹೆಸರು ಹೇಳುವುದು ಸಾಮಾನ್ಯವಾಗಿ ಉಂಚಳ್ಳಿ ಜಲಪಾತದ ದಾರಿ ವಿಚಾರಿಸುವಾಗ. ಅಘನಾಶಿನಿ ನದಿ ಅಲ್ಲಿ 116 ಮೀಟರು ಆಳಕ್ಕೆ ಧುಮುಕುತ್ತದೆ. 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರ ಅದನ್ನು ಕಂಡನೆಂದು ಅವನ ಹೆಸರನ್ನೂ ಅದಕ್ಕೆ ಅಂಟಿಸಿದ್ದಾರೆ. ಕಿವಿ ಕೆಪ್ಪಾಗಿಸುವ ಆ ಸದ್ದಿಗೆ ಊರವರಿಟ್ಟ ಹೆಸರು ಕೆಪ್ಪ ಜೋಗ. ಇರಲಿ. ನೋಡುವವರಿಗೆ ಜಲಪಾತವಾದರೆ ಇರುವವರಿಗೆ ಅಡಿಕೆ. ಮರದಿಂದ ಮರಕ್ಕೆ ಬಾಗಿ ದಾಟುತ್ತ ಕೊನೆ ಇಳಿಸುವ ಕೊನೆಗೌಡ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹನ್ನೊಂದರವರೆಗೆ ಸುಲಿಯುವವರು, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ, ಅಂಗಳದ ತುಂಬ ಹರಡಿದ ಚಾಲಿ: ನನ್ನ ಬಾಲ್ಯದ ಮಳೆಯಿಲ್ಲದ ತಿಂಗಳುಗಳೆಂದರೆ ಇಷ್ಟೇ. ನನ್ನ ಶಾಲೆಯ ಶುಲ್ಕ, ಅಕ್ಕನ ಮದುವೆ, ಅಜ್ಜಿಯ ಔಷಧಿ, ಎಲ್ಲವೂ ಶಿರಸಿಯ ಪೇಟೆಯಲ್ಲಿ ಅಡಿಕೆಗೆ ಸಿಕ್ಕ ದರದ ಮೇಲೆಯೇ ನಿಂತಿದ್ದವು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ ನಮ್ಮ ಮನೆಯಲ್ಲಿ ಮಗನಿಗೆ ಪದವಿ ಬಂದಷ್ಟು ಸಂತೋಷವಾಯಿತು.

ಬೆಳೆದವರು ತಿನ್ನದಿದ್ದಾರೆಯೇ? ನಮ್ಮ ಕಡೆ ತಾಂಬೂಲಕ್ಕೆ ಕವಳವೆಂದು ಹೆಸರು. ಜಗಲಿಗೆ ಬಂದವರ ಮುಂದೆ ಮೊದಲು ನೀರು, ಬೆಲ್ಲ. ಅನಂತರ ಕವಳದ ತಬಕು. ಜಗಳವಾಡಿದವರು ರಾಜಿಯಾದರೆಂಬುದಕ್ಕೆ ಗುರುತು ಒಂದೇ ತಬಕಿನಿಂದ ಕವಳ ಹಾಕುವುದು. ದೊಡ್ಡಪ್ಪ ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಕವಳ ಹಾಕಿದವರು. ಅರುವತ್ತು ದಾಟುವಾಗ ದಿನಕ್ಕೆ ಹತ್ತಕ್ಕೆ ಕಡಿಮೆಯಿರಲಿಲ್ಲ. ನಡುವೆ ಎಂದೋ ಹೊಗೆಸೊಪ್ಪಿನ ಎಸಳೂ ಅದರೊಳಗೆ ಸೇರಿಕೊಂಡಿತ್ತು.

ಮೊದಲು ಬಾಯಿಗೆ ಖಾರ ತಾಗದಾಯಿತು. ಅನಂತರ ಬಾಯಿ ತೆರೆಯುವುದೇ ಕಷ್ಟವಾಯಿತು. ಕೆನ್ನೆಯ ಒಳಪದರ ಗಟ್ಟಿಯಾಗಿ ಹುರಿಗಟ್ಟುವ ಈ ವ್ಯಾಧಿಯನ್ನು 1952ರಲ್ಲಿ ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಒಬ್ಬ ವೈದ್ಯರು ಗುರುತಿಸಿ ಬರೆದರು; ಮರುವರ್ಷವೇ ಮುಂಬಯಿಯ ಡಾಕ್ಟರರೊಬ್ಬರು ನಮ್ಮ ದೇಶದಲ್ಲೂ ಅದನ್ನು ಕಂಡರು. ಅದಕ್ಕೂ ಅಡಿಕೆ ಜಗಿಯುವುದಕ್ಕೂ ನಂಟಿರುವುದು ಈಗ ಸ್ಪಷ್ಟ. ದೊಡ್ಡಪ್ಪನಿಗೆ ಇದಾವುದೂ ತಿಳಿಯದು. ಕೊನೆಗೆ, ಐವತ್ತು ವರ್ಷ ಕವಳ ಒತ್ತಿಟ್ಟುಕೊಳ್ಳುತ್ತಿದ್ದ ಎಡಗೆನ್ನೆಯಲ್ಲಿಯೇ ಮಾಯದ ಹುಣ್ಣೊಂದು ಎದ್ದಿತು. ಪಟ್ಟಣದ ಆಸ್ಪತ್ರೆಯಲ್ಲಿ ಅದರ ಚೂರನ್ನು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯ್ದ ಮೇಲೆ ಆರು ವಾರ ಕಿರಣಚಿಕಿತ್ಸೆ. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ನಾನೂ ಅಣ್ಣನೂ ಸರದಿಯಂತೆ ಅವರ ಜೊತೆಗಿದ್ದೆವು.

ಮೂರನೆಯ ದಿನವೋ ನಾಲ್ಕನೆಯ ದಿನವೋ ದೊಡ್ಡಪ್ಪ ಮಂಚದ ಮೇಲೆ ಕುಳಿತು, ಅರೆ ತೆರೆದ ಬಾಯಿಯಲ್ಲೇ ಕೇಳಿದರು: “ಒಂದೇ ಸಲಕ್ಕೆ ಕೊಟ್ಟು ಮುಗಸಲೆ ಆಗ್ತಿಲ್ಯ ತಮಾ?” ದಿನಕ್ಕೆ ಕೆಲವೇ ನಿಮಿಷದ ಕೆಲಸಕ್ಕೆ ಒಂದೂವರೆ ತಿಂಗಳು ಊರು ಬಿಟ್ಟು ಕೂರಬೇಕೆ? ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಬಂದವರಿಗೆ ಅದು ಸಹಜವಾದ ಪ್ರಶ್ನೆ. ಉತ್ತರ ಹೇಳಲು ನಾನು ಅವರನ್ನು ಜೀವಕೋಶದ ಒಳಗೆ ಕರೆದೊಯ್ಯಬೇಕಾಯಿತು. ಓದುಗರೂ ಜೊತೆಗೆ ಬರಬೇಕೆಂದು ಪ್ರಾರ್ಥನೆ.

ಶರೀರದ ಒಂದೊಂದು ಜೀವಕೋಶದ ನಡುವೆಯೂ ನ್ಯೂಕ್ಲಿಯಸ್ ಎಂಬ ಕೋಶಕೇಂದ್ರವಿದೆ. ಅದರ ಅಗಲ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲೂ ಇಲ್ಲ. ಆ ಕಿರುಕೋಣೆಯಲ್ಲಿ ಸುಮಾರು ಎರಡು ಮೀಟರು ಉದ್ದದ ಡಿ.ಎನ್.ಎ. ಎಳೆಗಳು ಅಡಗಿವೆ. ಗಂಟಾಗದಂತೆ ಅವುಗಳನ್ನು ಸುತ್ತಿಡುವುದಕ್ಕೆ ಹಿಸ್ಟೋನುಗಳೆಂಬ ಪ್ರೋಟೀನುಗಳ ಉಂಡೆಗಳಿವೆ. ನೂಲಿನ ಉಂಡೆಗೆ ನೂಲು ಸುತ್ತಿದಂತೆ. ಎಳೆಯ ಮೇಲಿರುವುದು ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ನಮ್ಮ ವಂಶದ ಕಡತ: ತಾಯಿಯ ಕಡೆಯಿಂದ ಸುಮಾರು ಮುನ್ನೂರು ಕೋಟಿ ಅಕ್ಷರ, ತಂದೆಯ ಕಡೆಯಿಂದ ಅಷ್ಟೇ. ಎಳೆ ಒಂಟಿಯಲ್ಲ, ಜೋಡಿ. ಎರಡು ದಿಮ್ಮಿ, ನಡುವೆ ಅಡ್ಡದಬ್ಬೆ. ನಮ್ಮ ಹಳ್ಳದ ಸಂಕವನ್ನೇ ಹಿಡಿದು ಒಂದಿಷ್ಟು ಹುರಿಮಾಡಿದರೆ ಅದರ ಆಕಾರವೇ ಬಂದೀತು.

ಈ ಎಳೆ ವಜ್ರದಂತೆ ಅಚಲವಾದುದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಸ್ವೀಡನ್ನಿನ ಟೊಮಾಸ್ ಲಿಂಡಾಲ್ ಆ ನಂಬಿಕೆಯನ್ನು ಲೆಕ್ಕ ಹಾಕಿ ಅಲುಗಿಸಿದರು. ದೇಹದ ಬಿಸುಪಿನಲ್ಲಿ, ಬರಿಯ ನೀರಿನ ಸಂಗದಿಂದಲೇ, ಒಂದೊಂದು ಕೋಶದಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಅಕ್ಷರಗಳು ಕಳಚಿ ಬೀಳುತ್ತವೆ. ನಾವು ಉಸಿರಾಡುವ ಪ್ರಾಣವಾಯುವಿನ ಉಪಟಳ ಬೇರೆ. ಚರ್ಮಕ್ಕೆ ಬಿಸಿಲಿನ ಪೆಟ್ಟು ಬೇರೆ. ಬದುಕುವುದೆಂದರೆ ಸವೆಯುವುದು ಎಂದು ಹಿರಿಯರು ಹೇಳಿದ ಮಾತು ರಸಾಯನಶಾಸ್ತ್ರದಲ್ಲೂ ನಿಜವೇ. ಹಾಗಿದ್ದೂ ನಾವು ಎಂಬತ್ತು ವರ್ಷ ಬಾಳುತ್ತೇವಲ್ಲ, ಹೇಗೆ? ಒಳಗೆ ಯಾರೋ ಸರಿಪಡಿಸುತ್ತಿರಬೇಕು. 1974ರಲ್ಲಿ ಲಿಂಡಾಲ್ ಅಂಥ ಕೆಲಸಗಾರನೊಬ್ಬನನ್ನು ಬ್ಯಾಕ್ಟೀರಿಯಾದಲ್ಲಿ ಹಿಡಿದರು. ಆತ ಒಂದು ಪ್ರೋಟೀನು.

ಪ್ರೋಟೀನೆಂದರೆ ಬೇಳೆಯಲ್ಲಿ, ಹಾಲಿನಲ್ಲಿ ಇರುವ ಪುಷ್ಟಿ ಎಂದಷ್ಟೇ ನಾವು ಬಲ್ಲೆವು. ಕೋಶದೊಳಗೆ ಅದಕ್ಕೆ ಕೈಯಿದೆ, ಕತ್ತಿಯಿದೆ, ಅಳತೆಗೋಲಿದೆ ಎಂದರೆ ಅತಿಶಯೋಕ್ತಿಯಲ್ಲ. ಎಳೆಯಲ್ಲಿ ಒಂದಕ್ಷರ ಕೆಟ್ಟಿದ್ದರೆ ಒಬ್ಬ ಅದನ್ನು ತಡವಿ ಗುರುತಿಸಿ ಕಿತ್ತುಹಾಕುತ್ತಾನೆ. ಇನ್ನೊಬ್ಬ ಅಲ್ಲಿ ಎಳೆಯನ್ನು ಕತ್ತರಿಸಿ ಜಾಗ ಮಾಡುತ್ತಾನೆ. ಮೂರನೆಯವನು ಎದುರಿನ ಎಳೆಯನ್ನು ನೋಡಿ ಸರಿಯಾದ ಅಕ್ಷರ ತುಂಬುತ್ತಾನೆ. ಲೈಗೇಸ್ ಎಂಬ ನಾಲ್ಕನೆಯವನು ಬೆಸುಗೆ ಹಾಕುತ್ತಾನೆ. ಬಿಸಿಲಿನಿಂದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡರೆ ಬೇರೊಂದು ತಂಡ ಬಂದು ಸುಮಾರು ಮೂವತ್ತು ಅಕ್ಷರಗಳ ತುಂಡನ್ನೇ ತೆಗೆದು ಹೊಸದನ್ನು ಹೆಣೆಯುತ್ತದೆ. ಇದನ್ನು ವಿವರಿಸಿದ ಅಜೀಜ್ ಸಾಂಜಾರ್ ತುರ್ಕಿ ದೇಶದ ಸಾವುರ್ ಎಂಬ ಸಣ್ಣ ಊರಿನಲ್ಲಿ, ಓದುಬರಹ ಕಲಿಯದ ತಂದೆತಾಯಿಗಳಿಗೆ ಹುಟ್ಟಿದವರು. ಹಳ್ಳಿಯ ಮಕ್ಕಳಿರುವ ಮನೆಗಳಲ್ಲಿ ಈ ಸಂಗತಿ ತಿಳಿದಿರಲಿ. ಎಳೆಯನ್ನು ನಕಲು ಮಾಡುವಾಗ ಆಗುವ ತಪ್ಪುಗಳಿಗೆ ಮೂರನೆಯ ತಂಡವೊಂದಿದೆ; ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವವರಿದ್ದಂತೆ. ಅದನ್ನು ಬಿಡಿಸಿ ತೋರಿಸಿದವರು ಅಮೆರಿಕದ ಪಾಲ್ ಮಾಡ್ರಿಚ್. ಈ ಮೂವರಿಗೂ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಈ ಕೆಲಸಗಾರರು ಇಲ್ಲದಿದ್ದರೇನು ಎಂಬುದಕ್ಕೆ ನಿದರ್ಶನಗಳೂ ಇವೆ. ಅಪರೂಪಕ್ಕೆ ಕೆಲವು ಮಕ್ಕಳು ಬಿಸಿಲನ್ನು ಸಹಿಸಲಾರದೆ ಹುಟ್ಟುತ್ತಾರೆ. ಸ್ವಲ್ಪ ಬಿಸಿಲು ತಾಗಿದರೂ ಚರ್ಮ ಬೆಂದಂತಾಗಿ, ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರು ಬರುತ್ತದೆ. ಅವರ ಕೋಶಗಳಲ್ಲಿ ಬಿಸಿಲಿನ ಪೆಟ್ಟನ್ನು ಸರಿಪಡಿಸುವ ತಂಡ ಅಪೂರ್ಣವೆಂದು ಜೇಮ್ಸ್ ಕ್ಲೀವರ್ ಎಂಬವರು 1968ರಲ್ಲಿ ಕಂಡುಹಿಡಿದರು. ನಮ್ಮ ನಿಮ್ಮ ಮೇಲೆಯೂ ಬೀಳುವುದು ಅದೇ ಬಿಸಿಲು. ಅವರಿಗೆ ಇಲ್ಲದ್ದು ಸಂಕ ಕಟ್ಟುವವರು ಮಾತ್ರ.

ಎರಡೂ ಎಳೆಗಳು ಒಂದೇ ಕಡೆ ತುಂಡಾಗುವುದು ಎಲ್ಲಕ್ಕಿಂತ ದೊಡ್ಡ ವಿಪತ್ತು. ಮಲೆನಾಡಿನಲ್ಲಿ ಮೋರಿ ಕುಸಿದರೆ ಮೊದಲು ಕಂಡವನು ಅಲ್ಲೊಂದು ಹಸುರು ಟೊಂಗೆಯನ್ನು ನೆಟ್ಟು ಹೋಗುತ್ತಾನೆ, ಹಿಂದೆ ಬರುವವರಿಗೆ ಎಚ್ಚರವಾಗಲೆಂದು. ಕೋಶಕೇಂದ್ರದಲ್ಲೂ ಹಾಗೆಯೇ. ಎಳೆ ತುಂಡಾದ ಕೆಲವೇ ನಿಮಿಷಗಳಲ್ಲಿ ಅದರ ಅಕ್ಕಪಕ್ಕದ ಹಿಸ್ಟೋನುಗಳಿಗೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ಅದನ್ನು ಕಂಡು ಕೆಲಸಗಾರರು ನೆರೆಯುತ್ತಾರೆ. ಅವಸರವಿದ್ದರೆ ಕು ಎಂಬ ಪ್ರೋಟೀನು ಎರಡು ತುದಿಗಳನ್ನೂ ಹಿಡಿದು, ಲೈಗೇಸ್ ಬಂದು ಬೆಸೆಯುತ್ತದೆ. ನಡುವೆ ಒಂದೆರಡು ಅಕ್ಷರ ಹೋದರೂ ಹೋದೀತು. ಅದೇ ಬರಹದ ಇನ್ನೊಂದು ಪ್ರತಿ ಹತ್ತಿರವಿದ್ದರೆ ಅದನ್ನು ನೋಡಿ ಅಚ್ಚುಕಟ್ಟಾಗಿ ತಿದ್ದುವ ದಾರಿ ಮತ್ತೊಂದು. ವಂಶಪಾರಂಪರ್ಯದ ಸ್ತನ ಕ್ಯಾನ್ಸರಿನ ಸಂಬಂಧದಲ್ಲಿ ಹೆಸರು ಕೇಳಿಬರುವ ಬಿ.ಆರ್.ಸಿ.ಎ. ಪ್ರೋಟೀನುಗಳು ಈ ಎರಡನೆಯ ದಾರಿಯವು. ತಾಯಿಯಿಂದಲೋ ತಂದೆಯಿಂದಲೋ ಅದರ ಕೆಟ್ಟ ಪ್ರತಿ ಬಂದ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚಾಗುವುದು ಈ ದುರಸ್ತಿ ಸೋಲುವುದರಿಂದಲೇ.

ಈ ಮಾತೆಲ್ಲ ಪರದೇಶದ ಪ್ರಯೋಗಶಾಲೆಗಳದ್ದೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪನವರು, ತುಂಡಾದ ಎಳೆಗೆ ಅದರ ಜೊತೆಗಾರನನ್ನು ಹುಡುಕಿಕೊಡುವ ರೆಕ್-ಎ ಎಂಬ ಬ್ಯಾಕ್ಟೀರಿಯಾ ಪ್ರೋಟೀನನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಅದೇ ಸಂಸ್ಥೆಯ ಸತೀಶ್ ರಾಘವನ್ ಮತ್ತು ಅವರ ಸಂಗಡಿಗರು 2012ರಲ್ಲಿ, ಬೆಸುಗೆ ಹಾಕುವ ಲೈಗೇಸನ್ನು ತಡೆಯಬಲ್ಲ ಎಸ್.ಸಿ.ಆರ್.-7 ಎಂಬ ಸಣ್ಣ ವಸ್ತುವೊಂದನ್ನು ವರದಿ ಮಾಡಿದರು. ಕ್ಯಾನ್ಸರ್ ಕೋಶದ ದುರಸ್ತಿಯನ್ನೇ ನಿಲ್ಲಿಸಿಬಿಟ್ಟರೆ ಅದು ತನ್ನ ಗಾಯದಿಂದ ತಾನೇ ಸಾಯಬೇಕೆಂಬುದು ಅವರ ಯುಕ್ತಿ. ಆ ವಸ್ತುವಿನ ರಚನೆ, ಸಾಮರ್ಥ್ಯಗಳ ಬಗೆಗೆ ಮುಂದೆ ಬೇರೆ ಪ್ರಯೋಗಶಾಲೆಗಳವರು ಪ್ರಶ್ನೆಗಳನ್ನೆತ್ತಿದರು. ವಿಜ್ಞಾನದ ಸಂಕವನ್ನೂ ಹೀಗೆ ತುಳಿದು ತುಳಿದು ನೋಡಿಯೇ ದಾಟಬೇಕು.

ಎಷ್ಟು ಜನ ಕೆಲಸಗಾರರಿದ್ದರೂ ಮೇಸ್ತ್ರಿಯೊಬ್ಬ ಬೇಡವೇ? ಅವನ ಹೆಸರು ಪಿ-53. ತೂಕದ ಲೆಕ್ಕದಿಂದ ಬಂದ ಹೆಸರು. 1979ರಲ್ಲಿ ಬೆಳಕಿಗೆ ಬಂದ ಈ ಪ್ರೋಟೀನನ್ನು 1992ರಲ್ಲಿ ಡೇವಿಡ್ ಲೇನ್ ಎಂಬ ವಿಜ್ಞಾನಿ ನಮ್ಮ ವಂಶದ ಕಡತದ ಕಾವಲುಗಾರನೆಂದು ಬಣ್ಣಿಸಿದರು. ಎಳೆಗೆ ಪೆಟ್ಟಾದಾಗ ಪಿ-53 ಕೋಶಕ್ಕೆ ‘ನಿಲ್ಲು, ಸಂಕ ಸರಿಯಾಗುವವರೆಗೆ ದಾಟಬೇಡ’ ಎನ್ನುತ್ತದೆ. ಎಂದರೆ, ದುರಸ್ತಿ ಮುಗಿಯುವ ಮುಂಚೆ ಕೋಶ ಎರಡಾಗಿ ಒಡೆಯದಂತೆ ತಡೆಯುತ್ತದೆ. ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಕೋಶ ತಾನಾಗಿ ಅಳಿಯುವಂತೆ ಮಾಡುತ್ತದೆ. ಒಂದು ಕೋಶ ಹೋದರೂ ಶರೀರ ಉಳಿಯಲಿ ಎಂಬ ನ್ಯಾಯ. ಈ ಮೇಸ್ತ್ರಿಯ ವಂಶವಾಹಿ ನಮಗೆ ತಾಯಿಯಿಂದೊಂದು, ತಂದೆಯಿಂದೊಂದು, ಒಟ್ಟು ಒಂದೇ ಜೋಡಿ. ಹಳಿಯಾಳ, ಯಲ್ಲಾಪುರಗಳ ಕಡೆ ಗದ್ದೆಗೆ ನುಗ್ಗಿ ರೈತರನ್ನು ಗೋಳಾಡಿಸುವ ಆನೆಗೆ ಅಂಥ ಇಪ್ಪತ್ತು ಜೋಡಿಗಳಿವೆಯೆಂದು 2015ರಲ್ಲಿ ತಿಳಿದುಬಂದಿತು. ಅಷ್ಟು ದೊಡ್ಡ ಶರೀರದಲ್ಲಿ ಕ್ಯಾನ್ಸರು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತೆಂದು ವಿಜ್ಞಾನಿಗಳ ಊಹೆ.

ಈಗ ದೊಡ್ಡಪ್ಪನ ಪ್ರಶ್ನೆಗೆ ಉತ್ತರ. ಚಿಕಿತ್ಸೆಯ ಕಿರಣ ಮಾಡುವ ಕೆಲಸ ಎಳೆಗಳನ್ನು ತುಂಡರಿಸುವುದು. ಅದು ಹಾಯುವ ದಾರಿಯಲ್ಲಿ ರೋಗದ ಕೋಶವೂ ಇದೆ, ಆರೋಗ್ಯದ ಕೋಶವೂ ಇದೆ, ಕಿರಣಕ್ಕೆ ಭೇದವಿಲ್ಲ. ಭೇದ ಹುಟ್ಟುವುದು ಆಮೇಲೆ. ಆರೋಗ್ಯದ ಕೋಶದಲ್ಲಿ ಮೇಸ್ತ್ರಿಯಿದ್ದಾನೆ, ಕೆಲಸಗಾರರಿದ್ದಾರೆ. ಮರುದಿನ ಬೆಳಗಾಗುವುದರೊಳಗೆ ಬಹುಪಾಲು ದುರಸ್ತಿ ಮುಗಿದಿರುತ್ತದೆ. ಕ್ಯಾನ್ಸರ್ ಕೋಶದ ತಂಡ ಸಾಮಾನ್ಯವಾಗಿ ಅವ್ಯವಸ್ಥೆಗೊಂಡದ್ದು. ಅದು ಮುರಿದ ಸಂಕದ ಮೇಲೆಯೇ ದಾಟಲು ಹೋಗಿ ಬೀಳುತ್ತದೆ. ಆದುದರಿಂದಲೇ ಕಿರಣವನ್ನು ಒಂದೇ ಸಲ ಸುರಿಯದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಗ್ರೇ ಎಂಬ ಅಳತೆಯಲ್ಲಿ, ವಾರಕ್ಕೆ ಐದು ದಿನದಂತೆ ಆರೇಳು ವಾರ ಹಂಚಿ ಕೊಡುತ್ತಾರೆ. ನಡುವಿನ ರಾತ್ರಿಗಳು ಒಳ್ಳೆಯ ಕೋಶಗಳಿಗೆ ಕೊಟ್ಟ ವಾಯಿದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ರಾತ್ರಿಯಾದ ಮೇಲೆ ಒಳಗೆ ಸಂಕ ಕಟ್ಟುವವರು ಬರುತ್ತಾರೆನ್ನು ಎಂದರು. ಸಂಕದ ಹೋಲಿಕೆ ಅವರದು. ನಾನು ಈ ಲೇಖನಕ್ಕೆ ಎರವಲು ಪಡೆದಿದ್ದೇನೆ. ಅಂದಿನಿಂದ ಅವರು ದಿನ ಎಣಿಸುವುದನ್ನು ಬಿಟ್ಟರು. ಬಾಯಿ ಬೆಂದು ಗಂಜಿಯೂ ಇಳಿಯದ ನಾಲ್ಕನೆಯ ವಾರದಲ್ಲಿ ಕೂಡ, “ಕೆಲಸದವರಿಗೆ ಹೊಟ್ಟೆಗೆ ಬೇಕಲ್ಲ” ಎಂದು ಹೇಳಿಕೊಂಡು ಕಣ್ಣು ಮುಚ್ಚಿ ಗುಟುಕರಿಸಿದರು.

ಆ ಬಾಡಿಗೆಯ ಕೋಣೆಯಲ್ಲಿಯೇ ಒಂದು ರಾತ್ರಿ ಅಣ್ಣನಿಗೂ ನನಗೂ ಮಾತು ಬೆಳೆಯಿತು. ತೋಟ ನೋಡಿಕೊಳ್ಳುವವನು ಅಣ್ಣ. ಅದರ ಫಲದಲ್ಲಿ ಓದಿ ಪಟ್ಟಣ ಸೇರಿದವನು ನಾನು. ದೊಡ್ಡಪ್ಪನ ಕಾಯಿಲೆಗೆ ಹೊಗೆಸೊಪ್ಪು ಕಾರಣ, ಅಡಿಕೆಯಲ್ಲ ಎಂದು ಅವನು. ಅಡಿಕೆಗೂ ಪಾಲಿದೆ ಎಂದು ನಾನು. “ಅಡಿಕೆ ದುಡ್ಡಲ್ಲಿ ಓದಿ ಅಡಿಕೆಗೇ ಹೆಸರಿಡ್ತ್ಯಾ ತಮಾ?” ಎಂದ. ಆ ಮಾತಿನಲ್ಲಿ ಸಿಟ್ಟಿಗಿಂತ ಭಯವಿತ್ತು. ತೋಟವೆಂದರೆ ವರ್ಷಕ್ಕೊಮ್ಮೆ ಬದಲಾಯಿಸುವ ಬೆಳೆಯಲ್ಲ. ನೆಟ್ಟವನ ಮಗ, ಮೊಮ್ಮಗ ಕೊಯ್ಯುವ ಬೆಳೆ. ಅದನ್ನು ವಿಷವೆಂದರೆ ಮೂರು ತಲೆಮಾರಿನ ಬದುಕನ್ನೇ ವಿಷವೆಂದಂತೆ.

ಅಣ್ಣನ ವಾದ ನಿರಾಧಾರವಾದುದೇನೂ ಆಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರೇ 1985ರಲ್ಲಿ, ಹೊಗೆಸೊಪ್ಪು ಬೆರೆತ ತಾಂಬೂಲ ಕ್ಯಾನ್ಸರ್‌ಕಾರಕ, ಬೆರೆಯದಿದ್ದುದರ ಬಗೆಗೆ ಪುರಾವೆ ಸಾಲದು ಎಂದಿದ್ದರು. ಅನಂತರ ಪುರಾವೆ ಬೆಳೆಯಿತು. ತೈವಾನಿನಲ್ಲಿ ಜನ ಅಡಿಕೆಗೆ ಹೊಗೆಸೊಪ್ಪು ಬೆರೆಸುವುದಿಲ್ಲ. ಆದರೂ ಅಲ್ಲಿ ಬಾಯಿಯ ಕ್ಯಾನ್ಸರು ಕಡಿಮೆಯಿಲ್ಲ. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅದೇ ಸಂಸ್ಥೆ, ಹೊಗೆಸೊಪ್ಪಿಲ್ಲದ ತಾಂಬೂಲವೂ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನಷ್ಟು ಹೆಚ್ಚುವುದೂ ನಿಜ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1,20,200 ಜನರಿಗೆ ಬಂದ ಬಾಯಿಯ ಕ್ಯಾನ್ಸರಿಗೆ ಜಗಿಯುವ ಹೊಗೆಸೊಪ್ಪು ಅಥವಾ ಅಡಿಕೆಯೇ ಕಾರಣವೆಂದು ಆ ಸಂಸ್ಥೆಯ ಅಂದಾಜು. ಅವರಲ್ಲಿ 83,400 ಜನ ನಮ್ಮ ದೇಶದವರು.

ಕೆಡುಕು ನಡೆಯುವ ಬಗೆಯೂ ತಕ್ಕಮಟ್ಟಿಗೆ ತಿಳಿದಿದೆ. ಅಡಿಕೆಯ ಚೊಗರಿನಲ್ಲಿರುವ ವಸ್ತುಗಳು ಸುಣ್ಣದ ಸಹವಾಸದಲ್ಲಿ ಉರಿದುಬೀಳುವ ಸ್ವಭಾವದ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ. ಅವು ಎಳೆಯ ಅಕ್ಷರಗಳನ್ನು ಕೆಡಿಸುತ್ತವೆ. ಅಷ್ಟೇ ಆಗಿದ್ದರೆ ಒಳಗಿನ ತಂಡ ನಿಭಾಯಿಸುತ್ತಿತ್ತೋ ಏನೋ. ಆದರೆ ಅಡಿಕೆಯಲ್ಲಿರುವ ಅರೆಕೋಲೀನ್, ಅಂದರೆ ಕವಳಕ್ಕೆ ಹಿತವಾದ ಮತ್ತನ್ನು ಕೊಡುವ ಆ ವಸ್ತು, ಇನ್ನೊಂದು ಕೆಲಸ ಮಾಡುತ್ತದೆ. ತೈವಾನಿನ ಸಂಶೋಧಕರು ಮನುಷ್ಯನ ಕೋಶಗಳನ್ನು ಗಾಜಿನ ಬಟ್ಟಲಲ್ಲಿ ಬೆಳೆಸಿ ನೋಡಿ 2008ರಲ್ಲಿ ಬರೆದರು: ಅರೆಕೋಲೀನ್ ಪಿ-53 ಪ್ರೋಟೀನನ್ನು ಕುಗ್ಗಿಸುತ್ತದೆ, ಎಳೆಯ ದುರಸ್ತಿಯನ್ನು ಹತ್ತಿಕ್ಕುತ್ತದೆ. ಬಟ್ಟಲಲ್ಲಿ ಕಂಡದ್ದೆಲ್ಲ ಬಾಯಿಯಲ್ಲೂ ಅದೇ ಅಳತೆಯಲ್ಲಿ ನಡೆಯುತ್ತದೆಂದು ಹೇಳಲಾಗದು. ಅದೇ ಜಾಗತಿಕ ಸಂಸ್ಥೆ 2020ರಲ್ಲಿ ಅರೆಕೋಲೀನನ್ನು ಬಿಡಿಯಾಗಿ ಪರಿಶೀಲಿಸಿದಾಗ, ಅದು ಕ್ಯಾನ್ಸರ್‌ಕಾರಕ ಇರಬಹುದು ಎಂದಷ್ಟೇ ಹೇಳಿತು. ಆದರೆ 2013ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಕೆನ್ನೆ ಮತ್ತು ಒಸಡಿನ ಕ್ಯಾನ್ಸರಿನ ಗಡ್ಡೆಗಳ ಡಿ.ಎನ್.ಎ.ಯನ್ನು ಓದಿ ನೋಡಿದಾಗ, ಮೇಲಿಂದ ಮೇಲೆ ಕೆಟ್ಟಿದ್ದು ಕಂಡುಬಂದ ವಂಶವಾಹಿಗಳಲ್ಲಿ ಪಿ-53ರದೂ ಒಂದಾಗಿತ್ತು. ಸಂಕವನ್ನೂ ಕಡಿಯುವುದು, ಮೇಸ್ತ್ರಿಯನ್ನೂ ಮನೆಗೆ ಕಳಿಸುವುದು: ಎರಡೂ ಒಟ್ಟಿಗೆ ನಡೆದರೆ ಮುಂದಿನ ಮಾತು ಹೇಳಬೇಕಾಗಿಲ್ಲ.

“ಹಾಗಾದರೆ ಅಜ್ಜ ತೊಂಬತ್ತು ವರ್ಷ ಕವಳ ಹಾಕಿ ಬದುಕಿದ್ದು ಹೇಗೆ?” ಎಂದು ಅಣ್ಣ ಕೇಳಿದ. ಪ್ರತಿಯೊಂದು ಅಡಿಕೆ ಮನೆಯಲ್ಲೂ ಇಂಥ ಒಬ್ಬ ಅಜ್ಜನಿರುತ್ತಾನೆ. ಕೊಳೆತ ಸಂಕದ ಮೇಲೆ ನೂರು ಸಲ ದಾಟಿದವನೂ ಉಂಟು, ಮೊದಲ ಸಲವೇ ಬಿದ್ದವನೂ ಉಂಟು. ದಾಟಿದವನನ್ನು ತೋರಿಸಿ ಸಂಕ ಗಟ್ಟಿಯಿದೆಯೆಂದು ಮಕ್ಕಳನ್ನು ಅದರ ಮೇಲೆ ಬಿಡುವವರುಂಟೇ? ಈ ಮಾತಿಗೆ ಅಣ್ಣ ಉತ್ತರ ಕೊಡಲಿಲ್ಲ. ನಾನೂ ಗೆದ್ದೆನೆಂದುಕೊಳ್ಳಲಿಲ್ಲ. ತೋಟ ಕಡಿಯೆಂದು ಹೇಳುವ ಧೈರ್ಯ ನನಗಿಲ್ಲ. ಕಡಿದ ಮೇಲೆ ಏನೆಂದು ಹೇಳುವ ವಿದ್ಯೆಯೂ ಇಲ್ಲ. ಹಾಳೆಯಿಂದ ತಟ್ಟೆಯಾಗುತ್ತದೆ, ಚೊಗರಿನಿಂದ ಬಣ್ಣವಾಗುತ್ತದೆ, ಮರಕ್ಕೆ ಕಾಳುಮೆಣಸು ಹಬ್ಬುತ್ತದೆ. ನಿಜ, ಆದರೆ ಮನೆ ನಡೆಸುವುದು ಇಂದಿಗೂ ಅಡಿಕೆಯೇ. ಬೆಳೆಯುವವನ ಸಂಕಟ ದೊಡ್ಡದು, ಅದಕ್ಕೆ ಸರಕಾರ, ಸಮಾಜ ಎಲ್ಲ ಸೇರಿ ಉತ್ತರ ಹುಡುಕಬೇಕು. ಜಗಿಯುವವನ ಉತ್ತರ ಮಾತ್ರ ಅವನ ಕೈಯಲ್ಲೇ ಇದೆ.

ದೊಡ್ಡಪ್ಪ ಊರಿಗೆ ಮರಳಿ ಏಳು ವರ್ಷ ಬದುಕಿದರು. ಕವಳ ಮುಟ್ಟಲಿಲ್ಲ. ಸುಗ್ಗಿಯಲ್ಲಿ ಮಾತ್ರ ಎಲ್ಲರೊಡನೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು; ಕೈಗೆ ಅಭ್ಯಾಸವಾದ ಕೆಲಸ ಬಿಡದು ಎನ್ನುತ್ತಿದ್ದರು. ಮೊಮ್ಮಕ್ಕಳು ತಬಕಿಗೆ ಕೈ ಹಾಕಿದರೆ ಗದರುತ್ತಿರಲಿಲ್ಲ. ತಮ್ಮ ಬಾಯಿ ತೆರೆದು ತೋರಿಸುತ್ತಿದ್ದರು: ಎಷ್ಟು ತೆರೆದರೂ ಒಂದು ಬೆರಳಿಗಿಂತ ಹೆಚ್ಚು ಹಿಡಿಸದ ಬಾಯಿ. ಹುರಿಗಟ್ಟಿದ ಕೆನ್ನೆ ಕವಳ ಬಿಟ್ಟರೂ ಮೊದಲಿನಂತೆ ಮೆತ್ತಗಾಗುವುದಿಲ್ಲ. ಒಳಗಿನ ಕೆಲಸಗಾರರಿಗೂ ಸಾಧ್ಯವಾಗದ ರಿಪೇರಿಗಳುಂಟು.

ಆರೋಗ್ಯವೆಂದರೆ ಪೆಟ್ಟೇ ಬೀಳದಿರುವುದೆಂದು ನಾವು ತಿಳಿದಿದ್ದೇವೆ. ಹಾಗಲ್ಲ, ಬಿದ್ದ ಪೆಟ್ಟು ಹೊತ್ತಿಗೆ ಸರಿಯಾಗಿ ಮಾಯುವುದೇ ಆರೋಗ್ಯ. ಇದೀಗ ಈ ಸಾಲನ್ನು ಓದುತ್ತಿರುವ ಹೊತ್ತಿನಲ್ಲೂ ನಿಮ್ಮ ಒಂದೊಂದು ಕೋಶದಲ್ಲಿ ಯಾರೋ ಕಳಚಿದ ಅಕ್ಷರವನ್ನು ಹಿಡಿದು ಸ್ಥಳಕ್ಕೆ ಸೇರಿಸುತ್ತಿದ್ದಾರೆ. ಅವರು ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಕೇಳುವುದು ಇಷ್ಟೇ: ನಾವು ಕಟ್ಟುತ್ತಿರುವಾಗ ನೀವು ಕಡಿಯುತ್ತ ಕೂರಬೇಡಿ.

ಅಣ್ಣ ಕವಳವನ್ನು ಪೂರ್ತಿ ಬಿಟ್ಟಿದ್ದಾನೆಂದು ಬರೆದರೆ ಸುಳ್ಳಾದೀತು. ಹೊಗೆಸೊಪ್ಪಿನ ಡಬ್ಬಿ ತಬಕಿನಿಂದ ಹೋಗಿದೆ. ದಿನಕ್ಕೆ ಎಂಟಿದ್ದದ್ದು ಊಟದ ಮೇಲಿನ ಒಂದಕ್ಕೆ ಇಳಿದಿದೆ. ಅದೂ ಹೋಗಬೇಕೆಂದು ಅತ್ತಿಗೆಯ ಸತ್ಯಾಗ್ರಹ ನಡೆದಿದೆ. ಮಕ್ಕಳ ಕೈಗೆ ಕವಳ ಕೊಡುವ ಪದ್ಧತಿ ನಮ್ಮ ಮನೆಯಲ್ಲಿ ನಿಂತಿದೆ. ತಿಂಗಳಿಗೊಮ್ಮೆ ಅವನು ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಗೆ ಬಿಳಿಯ ಮಚ್ಚೆಯಿದೆಯೇ, ಎರಡು ವಾರವಾದರೂ ಮಾಯದ ಹುಣ್ಣಿದೆಯೇ ಎಂದು ನೋಡಿಕೊಳ್ಳುತ್ತಾನೆ. ಅನಂತರ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಿಡಿಸಿ ನೋಡುತ್ತಾನೆ. ಮೂರೂ ಹಿಡಿಸಿದ ದಿನ ಅಡಿಗೆಮನೆಯವರೆಗೆ ಕೇಳುವಂತೆ ಒಂದು ಸಲ ಕೆಮ್ಮುತ್ತಾನೆ. ಅದರ ಅರ್ಥ ಅತ್ತಿಗೆಗೆ ತಿಳಿಯುತ್ತದೆ.